ಮಾರ್ಕಸ್ ಲ್ಯಾಟಿಮೋರ್ ಅಂದರೆ ನೆನಪಾಗುವುದು ಓಟವೋ, ಮಂಡಿಯೋ?

ಕಾಂಗರಿ ದಂಡೆ

ಮೊನ್ನೆ ಚಿಕ್ಕಪ್ಪನ ಮಗ ಮನೆಗೆ ಬಂದಿದ್ದ. ಈ ವರ್ಷವಷ್ಟೇ ಓದಲು ಅಮೆರಿಕಕ್ಕೆ ಬಂದವನು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಇಲ್ಲಿಯ ಫುಟ್‌ಬಾಲಿನ ಗೀಳು ಈಗ ತಾನೇ ಹತ್ತುತ್ತಿದೆ. ಗೋಡೆಯ ಮೇಲಿನ 21ನೇ ನಂಬರಿನ ಕಡುಗೆಂಪು ಅಂಗಿ ನೋಡಿ ಯಾರದಿದು ಅಂದ. ಹೆಸರು ಹೇಳಿದೆ. ಫೋನಿನಲ್ಲಿ ಹುಡುಕಿದ. ಎರಡು ಕ್ಷಣ ಆಗಿರಬಹುದು, "ಅಯ್ಯೋ" ಅಂತ ಫೋನ್ ಮಗುಚಿ ಮೇಜಿನ ಮೇಲಿಟ್ಟ. ಅವನಿಗೆ ಮೊದಲು ಸಿಕ್ಕಿದ್ದು ಆ ಮಂಡಿಯ ವಿಡಿಯೊ.

ಅವತ್ತಿನಿಂದ ನನಗೆ ಒಂಥರಾ ಕಸಿವಿಸಿ. ಲ್ಯಾಟಿಮೋರ್ ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯಕ್ಕೆ 29 ಪಂದ್ಯ ಆಡಿದ. 555 ಸಲ ಚೆಂಡು ಹಿಡಿದು ಓಡಿದ, 2,677 ಗಜ. ಓಡಿ ಗಳಿಸಿದ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) 38, ಅವನು ಬಿಟ್ಟು ಹೋಗುವಾಗ ಅದು ವಿಶ್ವವಿದ್ಯಾಲಯದ ದಾಖಲೆ. ಆ 555ರಲ್ಲಿ ಕೊನೆಯ ಒಂದು ಓಟ ಉಳಿದ 554ನ್ನೂ ನುಂಗಿಕೊಂಡು ಕೂತಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಈ ರಾಜ್ಯಕ್ಕೆ ತನ್ನದೇ ಎನ್‌ಎಫ್‌ಎಲ್ (ವೃತ್ತಿಪರ ಫುಟ್‌ಬಾಲ್ ಲೀಗ್) ತಂಡ ಇಲ್ಲ. ಇಲ್ಲಿಯವರಿಗೆ ಕಾಲೇಜು ಫುಟ್‌ಬಾಲೇ ಜಾತ್ರೆ, ಅದೇ ತೇರು. ವಿಲಿಯಮ್ಸ್-ಬ್ರೈಸ್ ಸ್ಟೇಡಿಯಂನಲ್ಲಿ ಶನಿವಾರ 80,000ದ ಹತ್ತಿರ ಜನ ಸೇರುತ್ತಾರೆ. ತಂಡದ ಹೆಸರೇ ಕಾದಾಡುವ ಹುಂಜ, ಧ್ವನಿವರ್ಧಕದಲ್ಲಿ ಹುಂಜ ಕೂಗಿದರೆ ಮೈ ಜುಮ್ ಅನ್ನುತ್ತದೆ. ಆದರೆ ತಂಡಕ್ಕೆ ಗೆದ್ದ ಚರಿತ್ರೆ ಹೆಚ್ಚೇನಿರಲಿಲ್ಲ. 1980ರಲ್ಲಿ ಜಾರ್ಜ್ ರೋಜರ್ಸ್ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದದ್ದನ್ನೇ ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದರು.

2010ರಲ್ಲಿ ಇದೇ ರಾಜ್ಯದ ಡಂಕನ್ ಎಂಬ ಸಣ್ಣ ಊರಿನ ಹುಡುಗ ಬಂದ. ಕಾಲೇಜಿನಲ್ಲಿ ಎರಡನೇ ಪಂದ್ಯವೇ ಜಾರ್ಜಿಯಾ ವಿರುದ್ಧ, 37 ಓಟ, 182 ಗಜ. ಅಕ್ಟೋಬರ್ 9ರಂದು ದೇಶಕ್ಕೇ ನಂಬರ್ ಒನ್ ಆಗಿದ್ದ ಅಲಬಾಮಾವನ್ನು 35-21ರಲ್ಲಿ ಸೋಲಿಸಿದೆವು, ಅವನದ್ದೇ ಮೂರು ಟಚ್‌ಡೌನ್. ನವೆಂಬರ್ 13ರಂದು ಗೇನ್ಸ್‌ವಿಲ್‌ನಲ್ಲಿ ಫ್ಲೋರಿಡಾ ವಿರುದ್ಧ 40 ಓಟ, 212 ಗಜ, ಮತ್ತೆ ಮೂರು ಟಚ್‌ಡೌನ್. ನಮ್ಮ ಕಡೆಯ ಕಾಲೇಜುಗಳ ಲೀಗ್ ಆದ ಎಸ್‌ಇಸಿಯ ಪೂರ್ವ ವಿಭಾಗದ ಪಟ್ಟ ಮೊದಲ ಸಲ ನಮಗೆ ಬಂತು. ನಮ್ಮ ಕೋಚ್ ಸ್ಟೀವ್ ಸ್ಪರಿಯರ್ ಆಟಗಾರನಾಗಿ ಹೈಸ್‌ಮನ್ ಗೆದ್ದದ್ದೂ ಕೋಚ್ ಆಗಿ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದೂ ಅದೇ ಫ್ಲೋರಿಡಾದಲ್ಲಿ. ಅಲ್ಲಿಗೇ ಹೋಗಿ ಗೆದ್ದದ್ದು. ಆ ರಾತ್ರಿ ನಮ್ಮೂರು ಕೊಲಂಬಿಯಾದಲ್ಲಿ ಯಾರೂ ಮಲಗಲಿಲ್ಲ.

2011ರ ಅಕ್ಟೋಬರ್ 15, ಮಿಸಿಸಿಪಿ ಸ್ಟೇಟ್ ವಿರುದ್ಧ ಎಡ ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು (ಮೂಳೆಗಳನ್ನು ಕಟ್ಟಿಹಿಡಿಯುವ ನಾರು) ಹರಿಯಿತು. ಹತ್ತೂವರೆ ತಿಂಗಳಿಗೆ ಮತ್ತೆ ಅಂಗಳದಲ್ಲಿದ್ದ. 2012ರ ಅಕ್ಟೋಬರ್ 27, ಟೆನ್ನೆಸೀ ವಿರುದ್ಧ ಬಲ ಮಂಡಿ. ಆ ದಿನ ನಾನು ಸ್ಟೇಡಿಯಂನಲ್ಲಿದ್ದೆ. ಅಷ್ಟು ಜನ ಇದ್ದೂ ಅಷ್ಟು ಮೌನ ನಾನು ಇನ್ನೆಲ್ಲೂ ಕೇಳಿಲ್ಲ. ಎರಡು ದಿನ ಕಳೆದರೆ ಅವನಿಗೆ 21 ತುಂಬುತ್ತಿತ್ತು.

ಗಾಯವೇ ಒಬ್ಬ ಆಟಗಾರನ ಚರಿತ್ರೆ ಆಗಿಬಿಡಬೇಕಾ? "ಪಾಪ, ಏನೇನೋ ಆಗಬಹುದಿತ್ತು" ಅನ್ನುವುದು ನನಗೆ ಸಾಕಾಗಿದೆ. ಆದದ್ದೇ ಎಷ್ಟೊಂದಿದೆ, ಅದನ್ನು ಹೇಳಿ ಅನ್ನಿಸುತ್ತದೆ.

ಉಣಕಲ್ ಕೆರೆ

ಚಲೋ ಬರದೀರಿ. ಆದ್ರ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. 19 ವರ್ಷದ ಹುಡುಗನ ಕೈಲಿ ಒಂದ ದಿನ 40 ಸಲ ಚೆಂಡು ಕೊಟ್ಟು ಓಡಿಸೋದು ನ್ಯಾಯ ಏನ್ರಿ? ಎತ್ತಿಗೂ ಅಷ್ಟು ಹೊರಿ ಹೊರಸಂಗಿಲ್ಲ. 29 ಪಂದ್ಯಕ್ಕ 555 ಅಂದ್ರ ಸರಾಸರಿ 19. ಪ್ರತಿ ಓಟಕ್ಕೂ ನೂರು ಕಿಲೋ ದಾಟಿದ ಇಬ್ಬರು ಮೂವರು ಮೈಮ್ಯಾಲೆ ಬೀಳ್ತಾರ. ಗೆದ್ದಾಗ ಕೋಚ್ ಶ್ಯಾಣ್ಯಾ, ಮುರದಾಗ ಹುಡುಗನ ಹಣೇಬರ. ಇದು ನನಗ ಸರಿ ಅನಸಂಗಿಲ್ಲ.

ಕೀಲು ಮೂಳೆ

ನಾನು ಬೆಂಗಳೂರಿನಲ್ಲಿ ಕ್ರೀಡಾ ಫಿಸಿಯೊಥೆರಪಿಸ್ಟ್. ಅತಿ ಬಳಕೆಯ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ಮಂಡಿಯನ್ನು ಹಿಡಿದಿಡುವ ಮುಖ್ಯ ಅಸ್ಥಿರಜ್ಜುಗಳು ನಾಲ್ಕು. ಒಳಗೆ ಕತ್ತರಿಯ ಹಾಗೆ ಒಂದನ್ನೊಂದು ದಾಟುವ ಎರಡು, ಎಸಿಎಲ್ ಮತ್ತು ಪಿಸಿಎಲ್. ಹೊರಗೆ ಎರಡು ಪಕ್ಕದಲ್ಲಿ ಒಂದೊಂದು, ಎಂಸಿಎಲ್ ಮತ್ತು ಎಲ್‌ಸಿಎಲ್. ಎಸಿಎಲ್ ಒಂದೇ ಹರಿದರೆ ದೇಹದ ಬೇರೆ ಕಡೆಯಿಂದ ಸ್ನಾಯುರಜ್ಜು ತೆಗೆದು ಅಲ್ಲಿ ಕೂರಿಸುತ್ತಾರೆ. ಆ ಕಸಿ ತಕ್ಷಣ ಗಟ್ಟಿಯಾಗುವುದಿಲ್ಲ. ಮೊದಲ ತಿಂಗಳುಗಳಲ್ಲಿ ಅದು ಇನ್ನೂ ದುರ್ಬಲವಾಗುತ್ತದೆ, ರಕ್ತನಾಳಗಳು ಬೆಳೆದ ಮೇಲೆ ನಿಧಾನವಾಗಿ ಅಸ್ಥಿರಜ್ಜುವಿನ ಗುಣ ಪಡೆಯುತ್ತದೆ. ಒಂಬತ್ತು ತಿಂಗಳ ಒಳಗೆ ಆಟಕ್ಕೆ ಮರಳಬೇಡಿ ಎಂದು ನಾವು ಕಾಡಿ ಬೇಡುವುದು ಇದಕ್ಕೇ.

2012ರಲ್ಲಿ ಲ್ಯಾಟಿಮೋರ್‌ಗೆ ಆದದ್ದು ಬೇರೆ ಜಾತಿಯ ಗಾಯ. ಮಂಡಿಯೇ ಕೀಲು ತಪ್ಪಿತು, ಹಲವು ಅಸ್ಥಿರಜ್ಜುಗಳು ಒಟ್ಟಿಗೆ ಹರಿದವು. ಇಂಥ ಗಾಯದಲ್ಲಿ ನಮಗೆ ಮೊದಲ ಭಯ ಆಟದ್ದಲ್ಲ, ಕಾಲಿನದ್ದು. ಮಂಡಿಯ ಹಿಂದೆ ಹಾದುಹೋಗುವ ದೊಡ್ಡ ಅಪಧಮನಿ ಹರಿದರೆ ಗಂಟೆಗಳ ಲೆಕ್ಕದಲ್ಲಿ ಕಾಲನ್ನೇ ಕಳೆದುಕೊಳ್ಳಬಹುದು. ಪಕ್ಕದ ನರಕ್ಕೆ ಪೆಟ್ಟಾದರೆ ಪಾದ ಎತ್ತಲು ಬರುವುದಿಲ್ಲ. ಜನ ವಿಡಿಯೊ ನೋಡಿ ಕಣ್ಣು ಮುಚ್ಚುವಾಗ ನನ್ನಂಥವರು ಪಾದದ ನಾಡಿ ಬಡಿಯುತ್ತಿದೆಯಾ ಎಂದು ಯೋಚಿಸುತ್ತಿರುತ್ತೇವೆ.

ಉಣಕಲ್ ಅವರೇ, 40 ಸಲ ಓಡಿಸಿದ್ದರಿಂದ ಮಂಡಿ ಸವೆದು ಮುರಿಯಿತು ಎನ್ನಲಾಗದು. ಅದು ನೇರ ಪೆಟ್ಟು, ಸವೆತವಲ್ಲ. ಆದರೆ ಹೆಚ್ಚು ಸಲ ಓಡಿಸಿದರೆ ಹೆಚ್ಚು ಸಲ ಪೆಟ್ಟಿನ ದಾರಿಗೆ ತಳ್ಳಿದಂತೆ ಎಂಬ ಮಟ್ಟಿಗೆ ನಿಮ್ಮ ಮಾತು ಸರಿ.

ಪಡುಗಡಲು

ನನಗೆ ಈ ವಿಷಯ ಬಂದಾಗೆಲ್ಲ ನೆನಪಾಗುವವನು ಅಲಬಾಮಾದ ಟೈರೋನ್ ಪ್ರಾಥ್ರೋ. 2005ರ ಸೆಪ್ಟೆಂಬರ್ 10ರಂದು ಸದರ್ನ್ ಮಿಸ್ ವಿರುದ್ಧ, ಎದುರಾಳಿಯ ಬೆನ್ನ ಹಿಂದಿನಿಂದ ಅವನನ್ನು ತಬ್ಬಿಕೊಂಡೇ ಚೆಂಡು ಹಿಡಿದನಲ್ಲ, ಅಂಥ ಕ್ಯಾಚ್ ನಾನು ಇನ್ನೊಂದು ನೋಡಿಲ್ಲ ಮಾರಾಯ್ರೆ. ಅದಾಗಿ ಮೂರೇ ವಾರ. ಅಕ್ಟೋಬರ್ 1, ಫ್ಲೋರಿಡಾ ವಿರುದ್ಧ ನಾಲ್ಕನೇ, ಅಂದರೆ ಕೊನೆಯ ಕ್ವಾರ್ಟರ್, ಪಂದ್ಯ ಆಗಲೇ ಗೆದ್ದ ಹಾಗೆ. ಚೆಂಡು ಹಿಡಿಯಲು ಹೋಗಿ ಕಾಲು ಮುರಿಯಿತು. ಮತ್ತೆ ಆಡಲಿಲ್ಲ. ಗೆದ್ದ ಪಂದ್ಯದಲ್ಲಿ ಅವನನ್ನು ಯಾಕೆ ಇಳಿಸಿದ್ದು ಅಂತ ಈಗಲೂ ಕೇಳುವವರುಂಟು.

ಆದರೆ ನೋಡಿ, ಪ್ರಾಥ್ರೋ ಅಂದರೆ ಅಲಬಾಮಾದವರು ಮೊದಲು ಹೇಳುವುದು ಆ ಕ್ಯಾಚ್. ಕಾಲು ಆಮೇಲೆ. ಹಾಗಾಗಿ ಗಾಯ ಎಲ್ಲವನ್ನೂ ನುಂಗುತ್ತದೆ ಅಂತ ಇಲ್ಲ.

ಬಿಸಿಲುನಾಡು ಮಯಾಮಿ

ನಾನು ಮಯಾಮಿ ವಿಶ್ವವಿದ್ಯಾಲಯದ ಅಭಿಮಾನಿ, ಎರಡು ದಶಕದಿಂದ ಇಲ್ಲೇ ಇದ್ದೀನಿ. ಮಂಡಿಯ ವಿಷಯ ಬಂದರೆ ನಮ್ಮ ಮನೆಯ ಕತೆ ಹೇಳದೆ ಇರೋಕಾಗಲ್ಲ.

2002ರ ವಸಂತಕಾಲದ ಅಭ್ಯಾಸದಲ್ಲಿ ಫ್ರಾಂಕ್ ಗೋರ್‌ನ ಎಸಿಎಲ್ ಹರಿಯಿತು. ಆ ವರ್ಷ ಅವನೇ ಮುಖ್ಯ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವನು, ಆಗಬೇಕಿತ್ತು. ಅವನು ಕೂತದ್ದರಿಂದ ಜಾಗ ಸಿಕ್ಕಿದ್ದು ವಿಲಿಸ್ ಮೆಗೇಹಿಗೆ. ಮೆಗೇಹಿ ಆ ಋತುವಿನಲ್ಲಿ 1,753 ಗಜ ಓಡಿದ, 28 ಟಚ್‌ಡೌನ್. 2003ರ ಜನವರಿ 3, ಫಿಯೆಸ್ಟಾ ಬೌಲ್, ಓಹಾಯೋ ಸ್ಟೇಟ್ ವಿರುದ್ಧ ರಾಷ್ಟ್ರೀಯ ಪ್ರಶಸ್ತಿಯ ಪಂದ್ಯ. ನಾಲ್ಕನೇ ಕ್ವಾರ್ಟರಿನಲ್ಲಿ ಅವನ ಎಡ ಮಂಡಿಯಲ್ಲಿ ಮೂರು ಅಸ್ಥಿರಜ್ಜು ಹರಿದವು. ನಾವು ಸೋತೆವು. ಮುಂದಿನ ವರ್ಷ ಜಾಗ ಮತ್ತೆ ಗೋರ್‌ಗೆ ಬಂತು. 2003ರಲ್ಲೇ ಅವನ ಇನ್ನೊಂದು ಮಂಡಿಯೂ ಹೋಯಿತು.

ಆ ಕಾಲದಲ್ಲಿ ಯಾರಾದರೂ ಕೇಳಿದ್ದರೆ ಇಬ್ಬರದ್ದೂ ಮುಗಿಯಿತು ಅಂತ ನಾನೇ ಹೇಳ್ತಿದ್ದೆ. ಎನ್‌ಎಫ್‌ಎಲ್ ತಂಡಗಳು ಸುತ್ತು ಸುತ್ತಾಗಿ ಕಾಲೇಜು ಆಟಗಾರರನ್ನು ಆರಿಸುವಾಗ ಮೆಗೇಹಿಯನ್ನು ಬಫಲೋ ಬಿಲ್ಸ್ ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು, ಮುಂದೆ ಎನ್‌ಎಫ್‌ಎಲ್‌ನಲ್ಲಿ 8,000 ಗಜ ದಾಟಿದ. ಗೋರ್ 2005ರಲ್ಲಿ ಮೂರನೇ ಸುತ್ತಿನವರೆಗೆ ಕಾದು 65ನೆಯವನಾಗಿ ಸ್ಯಾನ್ ಫ್ರಾನ್ಸಿಸ್ಕೋ 49ರ್ಸ್ ಸೇರಿದ. ಎರಡೂ ಮಂಡಿ ಹರಿದವನು 16 ಋತು ಆಡಿದ. ಒಟ್ಟು ಕರಾರುವಾಕ್ಕಾಗಿ 16,000 ಗಜ. ಎಮಿಟ್ ಸ್ಮಿತ್, ವಾಲ್ಟರ್ ಪೇಟನ್ ಬಿಟ್ಟರೆ ಅಷ್ಟು ಓಡಿದವರಿಲ್ಲ.

ಈಗ ಲ್ಯಾಟಿಮೋರ್ ವಿಷಯ. 2013ರಲ್ಲಿ ಅವನನ್ನು ನಾಲ್ಕನೇ ಸುತ್ತಿನಲ್ಲಿ, 131ನೆಯವನಾಗಿ ಆರಿಸಿದ್ದು ಯಾವ ತಂಡ? ಅದೇ 49ರ್ಸ್. ಡ್ರೆಸ್ಸಿಂಗ್ ರೂಮಿನಲ್ಲಿ ಯಾರಿದ್ದರು? ಫ್ರಾಂಕ್ ಗೋರ್. ಎರಡು ಮಂಡಿ ಹೋದ ಹಿರಿಯ, ಎರಡು ಮಂಡಿ ಹೋದ ಕಿರಿಯ. ಒಬ್ಬ ಪ್ರತಿ ಭಾನುವಾರ ಓಡುತ್ತಿದ್ದ. ಇನ್ನೊಬ್ಬ ಒಂದು ಪಂದ್ಯವನ್ನೂ ಆಡದೆ 2014ರ ನವೆಂಬರಿನಲ್ಲಿ, 23ನೇ ವಯಸ್ಸಿಗೆ ನಿವೃತ್ತಿ ಹೇಳಿದ.

ಇದನ್ನು ನೆನೆಸಿಕೊಂಡಾಗೆಲ್ಲ ಗಂಟಲು ಕಟ್ಟುತ್ತೆ.

ಉಣಕಲ್ ಕೆರೆ

ಅಂದ್ರ ಗೋರ್‌ಗೆ ಛಲ ಇತ್ತು, ಇಂವಗ ಕಡಿಮಿ ಬಿತ್ತು ಅಂತೀರೇನ್ರಿ?

ಕೀಲು ಮೂಳೆ

ದಯವಿಟ್ಟು ಹಾಗೆ ಹೇಳಬೇಡಿ. ನನ್ನ ಕೆಲಸದಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವ ಮಾತು ಇದೇ.

ಗೋರ್‌ನದ್ದು ಎರಡು ಬೇರೆ ಬೇರೆ ಎಸಿಎಲ್ ಗಾಯ. ಲ್ಯಾಟಿಮೋರ್‌ನದ್ದು ಒಂದು ಎಸಿಎಲ್, ಮೇಲಿಂದ ಕೀಲೇ ತಪ್ಪಿದ ಇನ್ನೊಂದು ಮಂಡಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕೀಲು ತಪ್ಪುವಾಗ ಮೃದ್ವಸ್ಥಿಗೆ ಎಷ್ಟು ಜಜ್ಜಾಯಿತು, ನರ ಎಷ್ಟು ಎಳೆಯಿತು, ಹೊಲಿದದ್ದು ಎಷ್ಟು ಬಿಗಿಯಿತು, ಯಾವುದೂ ಆಟಗಾರನ ಮನಸ್ಸಿನ ಮಾತು ಕೇಳುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಿದವರು ಡಾ. ಜೇಮ್ಸ್ ಆಂಡ್ರೂಸ್, ಆ ಕ್ಷೇತ್ರದಲ್ಲಿ ಅವರಷ್ಟು ಹೆಸರಾದವರು ವಿರಳ. ಅವನು ಎರಡು ವರ್ಷ ಶ್ರಮಪಟ್ಟ. ಆದರೂ ಮಂಡಿ ಒಪ್ಪಲಿಲ್ಲ.

ಮರಳಿ ಬಂದವನನ್ನು "ಮನಸ್ಸು ಗಟ್ಟಿ" ಎಂದು ಹೊಗಳುವಾಗ, ಬರಲಾಗದವನ ಮನಸ್ಸು ಗಟ್ಟಿ ಇರಲಿಲ್ಲ ಎಂದೂ ಹೇಳಿದಂತಾಗುತ್ತದೆ. ನನ್ನ ಕ್ಲಿನಿಕ್ಕಿನಲ್ಲಿ ಒಂದೇ ದಿನ ಒಂದೇ ಗಾಯದ ಇಬ್ಬರು ಬರುತ್ತಾರೆ, ಒಂದೇ ವ್ಯಾಯಾಮ, ಒಂದೇ ಶ್ರದ್ಧೆ. ಒಬ್ಬಳು ಹತ್ತು ತಿಂಗಳಿಗೆ ಓಡುತ್ತಾಳೆ. ಇನ್ನೊಬ್ಬಳಿಗೆ ಮೆಟ್ಟಿಲು ಇಳಿದರೆ ಮಂಡಿ ಊದುತ್ತದೆ. ಎರಡನೆಯವಳು ಬಂದು "ನಂದೇ ಏನೋ ಕಮ್ಮಿ ಆಯ್ತಾ?" ಎಂದು ಕೇಳಿದಾಗ ಕೊಡಲು ನನ್ನ ಹತ್ತಿರ ಉತ್ತರ ಇರುವುದಿಲ್ಲ.

ಉಣಕಲ್ ಕೆರೆ

ತಪ್ಪಾತ್ರಿ. ಹಂಗ ಕೇಳಬಾರದಿತ್ತು.

ಕಪ್ಪು ಕೋಟು

ನೀವೆಲ್ಲ ಅಭಿಮಾನಿಗಳಾಗಿ ಮಾತಾಡುತ್ತಿದ್ದೀರಿ, ನಾನು ವಕೀಲನಾಗಿ ಒಂದೆರಡು ಮಾತು ಸೇರಿಸುತ್ತೇನೆ. ನೆನಪು ಹೇಗಿರಬೇಕು ಎಂಬುದಕ್ಕಿಂತ ನಷ್ಟ ಯಾರ ತಲೆಗೆ ಬಿತ್ತು ಎಂಬುದು ನನಗೆ ಮುಖ್ಯ.

ಲ್ಯಾಟಿಮೋರ್ 2010ರಲ್ಲೇ, ಅಂದರೆ ಮೊದಲ ವರ್ಷದಲ್ಲೇ, ದೇಶದ ಒಳ್ಳೆಯ ರನ್ನಿಂಗ್ ಬ್ಯಾಕ್‌ಗಳಲ್ಲಿ ಒಬ್ಬ. ಆದರೂ ಹಣಕ್ಕಾಗಿ ಆಡುವ ಹಾಗಿರಲಿಲ್ಲ, ಏಕೆಂದರೆ ಹೈಸ್ಕೂಲು ಮುಗಿದು ಮೂರು ಋತು ಕಳೆಯದೆ ಎನ್‌ಎಫ್‌ಎಲ್ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಮಯಾಮಿಯವರು ಹೇಳಿದ ಅದೇ ಫಿಯೆಸ್ಟಾ ಬೌಲ್ ನೆನಪಿಸಿಕೊಳ್ಳಿ. ಎರಡನೇ ಹೆಚ್ಚುವರಿ ಸುತ್ತಿನಲ್ಲಿ ಓಹಾಯೋ ಸ್ಟೇಟ್‌ಗೆ ಗೆಲುವಿನ ಟಚ್‌ಡೌನ್ ತಂದವನು ಮೊದಲ ವರ್ಷದ ಹುಡುಗ, ಮಾರಿಸ್ ಕ್ಲಾರೆಟ್. ಅದೇ ಅಂಗಳದಲ್ಲಿ ಅದೇ ರಾತ್ರಿ ತನ್ನದೇ ಸ್ಥಾನದ ಆಟಗಾರನ ಮಂಡಿ ಹೋಯಿತು. ಮುಂದೆ ಕ್ಲಾರೆಟ್ ಈ ಮೂರು ವರ್ಷದ ನಿಯಮದ ವಿರುದ್ಧ ಕೋರ್ಟಿಗೆ ಹೋದ. 2004ರ ಫೆಬ್ರವರಿಯಲ್ಲಿ ಜಿಲ್ಲಾ ನ್ಯಾಯಾಲಯದಲ್ಲಿ ಗೆದ್ದ, ಮೇ ತಿಂಗಳಲ್ಲಿ ಮೇಲ್ಮನವಿಯಲ್ಲಿ ಸೋತ. ಆ ತೀರ್ಪು ಬರೆದವರು ಸೋನಿಯಾ ಸೊಟೊಮೇಯರ್, ಮುಂದೆ ಸುಪ್ರೀಂ ಕೋರ್ಟಿಗೆ ಹೋದವರು. ನಿಯಮ ಉಳಿಯಿತು. ಲ್ಯಾಟಿಮೋರ್‌ನ ಎರಡೂ ಗಾಯ ಆ ಮೂರು ಋತುಗಳ ಒಳಗೇ ಬಂದವು.

ಇನ್ನು "ವಿದ್ಯಾರ್ಥಿ-ಕ್ರೀಡಾಪಟು" ಎಂಬ ಪದ. ಕೇಳಲು ಎಷ್ಟು ಮುದ್ದಾಗಿದೆ. 1955ರಲ್ಲಿ ಕೊಲರಾಡೋದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ ಎಂಬಾತ ಆಟದಲ್ಲಿ ತಲೆಗೆ ಪೆಟ್ಟಾಗಿ ಸತ್ತ. ಅವನ ಹೆಂಡತಿ ಕಾರ್ಮಿಕ ಪರಿಹಾರ ಕೇಳಿದಳು. ಕೊಲರಾಡೋ ಸುಪ್ರೀಂ ಕೋರ್ಟ್ 1957ರಲ್ಲಿ ಇಲ್ಲ ಎಂದಿತು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಆ ಪದವನ್ನು ಬಳಕೆಗೆ ತಂದದ್ದು ಅದೇ ವರ್ಷಗಳಲ್ಲಿ, ಆಟಗಾರ ನೌಕರನಲ್ಲ ಎಂದು ಹೇಳಲಿಕ್ಕೆ. 1974ರಲ್ಲಿ ಅಲಬಾಮಾ ವಿರುದ್ಧ ಆಡುತ್ತಾ ಬೆನ್ನುಹುರಿಗೆ ಪೆಟ್ಟಾದ ಟೆಕ್ಸಸ್‌ನ ಟಿಸಿಯು ವಿಶ್ವವಿದ್ಯಾಲಯದ ಆಟಗಾರ ಕೆಂಟ್ ವಾಲ್ಡ್ರೆಪ್ ವರ್ಷಗಟ್ಟಲೆ ಹೋರಾಡಿದ. 2000ದಲ್ಲಿ ಟೆಕ್ಸಸ್‌ನ ಮೇಲ್ಮನವಿ ನ್ಯಾಯಾಲಯವೂ ಅವನು ನೌಕರನಲ್ಲ ಎಂದಿತು.

ಈಗ ಕಾಲ ಬದಲಾಗಿದೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ಹಣ ಗಳಿಸಬಹುದು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಕೊಡಬಹುದು, ಮೊದಲ ವರ್ಷಕ್ಕೆ ಒಂದೊಂದಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. 2010ರಲ್ಲಿ 21ನೇ ನಂಬರಿನ ಅಂಗಿ ಕೊಂಡವರ ಹಣದಲ್ಲಿ ಆ ಹುಡುಗನಿಗೆ ಒಂದು ಕಾಸೂ ಹೋಗುವಂತಿರಲಿಲ್ಲ. ಗೋಡೆಯ ಮೇಲೆ ಅದನ್ನು ತೂಗಿಹಾಕಿಕೊಂಡವರು ಇದನ್ನೂ ನೆನೆಯಬೇಕು.

ಕಾಂಗರಿ ದಂಡೆ

ಈ ಮಾತು ಚುಚ್ಚಿತು, ಆದರೆ ಸುಳ್ಳಲ್ಲ. ಅಂಗಿ ಕೊಂಡಿದ್ದು 2010ರಲ್ಲೇ. ಹಣ ಅವನಿಗೆ ಹೋಗುತ್ತದಾ ಎಂಬ ಯೋಚನೆ ಆಗ ತಲೆಗೇ ಬಂದಿರಲಿಲ್ಲ.

2016ರ ಡಿಸೆಂಬರ್ ನೆನಪಾಯಿತು. ಲಿಯೋನಾರ್ಡ್ ಫೋರ್ನೆಟ್, ಕ್ರಿಶ್ಚಿಯನ್ ಮೆಕ್ಯಾಫ್ರಿ ಎಂಬ ಇಬ್ಬರು ರನ್ನಿಂಗ್ ಬ್ಯಾಕ್‌ಗಳೂ ಋತುವಿನ ಕೊನೆಯಲ್ಲಿ ನಡೆಯುವ ಬೌಲ್ ಪಂದ್ಯ ಆಡದೆ ಎನ್‌ಎಫ್‌ಎಲ್ ಆಯ್ಕೆಗೆ ಸಿದ್ಧರಾಗುತ್ತೇವೆ ಅಂದಾಗ ಎಷ್ಟು ಜನ ಬೈದಿದ್ದರು. ಅದೇ ವರ್ಷದ ಜನವರಿ 1ರಂದು ಇನ್ನೊಂದು ಫಿಯೆಸ್ಟಾ ಬೌಲ್‌ನಲ್ಲಿ ನೋತ್ರ ದಾಮ್‌ನ ಜೇಲನ್ ಸ್ಮಿತ್‌ನ ಮಂಡಿ ಮತ್ತು ನರ ಎರಡೂ ಹೋಗಿದ್ದನ್ನು ಎಲ್ಲರೂ ನೋಡಿದ್ದರು. ಮೊದಲ ಸುತ್ತಿನಲ್ಲೇ ಹೋಗಬೇಕಾದವನು ಎರಡನೇ ಸುತ್ತಿಗೆ ಜಾರಿದ. ಬೈದವರಲ್ಲಿ ಅಂದು ನಾನಿರಲಿಲ್ಲ. ಟೆನ್ನೆಸೀ ಪಂದ್ಯ ಕಣ್ಣಾರೆ ಕಂಡವನಿಗೆ ಬೈಯುವ ಬಾಯಿ ಬರುವುದಿಲ್ಲ.

ತೊಡೆ ತಟ್ಟಿದವ

ನಮಸ್ಕಾರ. ನಾನು ಮಂಡ್ಯ ಕಡೆಯೋನು, ಈ ಆಟದ ನಿಯಮ ಒಂದೂ ಗೊತ್ತಿಲ್ಲ. ಮಂಡಿ ಅಂತ ಕಂಡಿದ್ಕೆ ಓದ್ತಾ ಕೂತೆ.

ನಾನು ಕಬಡ್ಡಿ ರೈಡರ್ ಆಗಿದ್ದೆ. 2009ರಲ್ಲಿ ಕಾಲೇಜು ತಂಡಕ್ಕೆ ಆಡ್ತಿದ್ದಾಗ ಬಲಗಡೆ ಮೂಲೆಯವನು ಪಾದ ಹಿಡಿದ, ನಾನು ಗೆರೆ ಮುಟ್ಟೋಕೆ ತಿರುಗಿದೆ. ಪಾದ ಅಲ್ಲೇ ಉಳೀತು, ಮೈ ತಿರುಗ್ತು. ಒಳಗೆ ಕಡ್ಡಿ ಮುರಿದಂಗೆ ಸದ್ದು. ಸದ್ದು ನನ್ನೊಬ್ಬನಿಗೇ ಕೇಳಿಸ್ತು ಅನ್ಕೊಂಡಿದ್ದೆ, ಆಮೇಲೆ ಹಿಡಿದೋನೂ ಕೇಳಿಸ್ತು ಅಂದ. ಆಪರೇಷನ್‌ಗೆ ಅಪ್ಪ ಎರಡು ಹಸ ಮಾರಿದ್ರು. ಕಾಲೇಜಿನವರು ಒಂದ್ ಸಲ ಬಂದು ಹಣ್ಣು ಕೊಟ್ಟು ಹೋದ್ರು. ಮುಂದಿನ ತಿಂಗಳು ಕ್ರೀಡಾ ಕೋಟಾದ ಹಾಸ್ಟೆಲ್ ರೂಮು ಖಾಲಿ ಮಾಡಿ ಅಂದ್ರು.

ಈಗ ಕಾಂಗರಿ ಅಣ್ಣ ಹೇಳಿದ್ ಮಾತು. ನೀವು ಗಾಯ ಮರೀರಿ, ಓಟ ನೆನೀರಿ ಅಂತೀರ. ಪ್ರೀತಿಯಿಂದ ಹೇಳ್ತಾ ಇದೀರ, ಅರ್ಥ ಆಯ್ತದೆ. ಆದ್ರೆ ನಾನು ಆ ವಿಡಿಯೊನ ನಿನ್ನೆ ರಾತ್ರಿ ಪೂರ್ತಿ ನೋಡಿದೆ. ಎಲ್ರೂ ಮಂಡಿ ನೋಡಿ ಬಂದ್ ಮಾಡ್ತಾರೆ ಅನ್ಸುತ್ತೆ, ಅದರಾಚೆ ನೋಡಲ್ಲ. ನನ್ ಕಣ್ಣಿಗೆ ಬಿದ್ದಿದ್ದು ಬೇರೆ. ಎದುರಾಳಿ ತಂಡದ ಹುಡುಗ್ರು ತಮ್ಮ ಕಡೆಯಿಂದ ಎದ್ದು ಬಂದು ಅವನ ಸುತ್ತ ಸೇರಿದ್ರು. ಎರಡು ತಂಡನೂ ಸೇರಿ ನಿಂತಿದ್ವು. ನಮ್ಮ ಪಂದ್ಯದಲ್ಲಿ ನನ್ನನ್ನ ಎತ್ಕಂಡು ಆಚೆ ಮಲಗ್ಸಿ, ಐದು ನಿಮಿಷಕ್ಕೆ ಮತ್ತೆ ಸೀಟಿ ಊದಿದ್ರು. ತಪ್ಪು ಅಂತಲ್ಲ, ಆಟ ನಡೀಬೇಕು. ಆದ್ರೆ ಅವನಿಗೆ ಆ ಗೌರವ ಸಿಕ್ತಲ್ಲ, ಅದು ಅವನು ಓಡಿದ್ ರೀತಿಗೇ ಸಿಕ್ಕಿದ್ದು. ಅದನ್ನೂ ಮರೆತುಬಿಡಿ ಅಂದ್ರೆ ನಾ ಒಪ್ಪಲ್ಲ.

ಇನ್ನೊಂದು. ನನ್ ಮಂಡಿ ಮೇಲೆ ಕಲೆ ಐತೆ. ಯಾರಾದ್ರೂ ಕೇಳಿದ್ರೆ ಮುಚ್ಕೊಳಲ್ಲ. ಅದೂ ನಾನು ಆಡಿದ್ದೇ ಅಲ್ವಾ.

ಬಿಸಿಲುನಾಡು ಮಯಾಮಿ

ಅಣ್ಣ, ಎರಡು ಸಲ ಓದಿದೆ.

ಕಾಂಗರಿ ದಂಡೆ

ಉತ್ತರ ಬರೆಯಲು ಒಂದು ದಿನ ಬೇಕಾಯಿತು.

ನೀವು ನೋಡಿದ್ದನ್ನು ನಾನು ಮೇಲಿನ ಸಾಲಿನಿಂದ ನೋಡಿದ್ದೆ. ಟೆನ್ನೆಸೀಯವರು ಬೆಂಚಿನಿಂದ ಎದ್ದು ಬಂದದ್ದು ನಿಜ. ಎರಡು ಬಣ್ಣದ ಅಂಗಿಗಳು ಬೆರೆತು ಒಂದೇ ಗುಂಪಾಯಿತು. ನನ್ನ ಪಕ್ಕದಲ್ಲಿ ಒಬ್ಬರು ವಯಸ್ಸಾದವರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದರು. ಪಂದ್ಯ 38-35ಕ್ಕೆ ಗೆದ್ದೆವು. ಗೆದ್ದ ಮೇಲೆ ಯಾರೂ ಕುಣಿಯಲಿಲ್ಲ, ಕಾರು ನಿಲ್ಲಿಸಿದ ಕಡೆಗೆ ಸುಮ್ಮನೆ ನಡೆದುಕೊಂಡು ಹೋದೆವು. ಇಷ್ಟು ವರ್ಷ ಆ ದಿನವನ್ನು ನಾನು ಯಾರಿಗೂ ಪೂರ್ತಿ ಹೇಳಿರಲಿಲ್ಲ. ಮಂಡಿಯ ವಿಷಯ ಬಂದರೆ ಮಾತು ಬದಲಿಸುತ್ತಿದ್ದೆ. ಅದರ ಜತೆಗೇ ಆ ಗುಂಪನ್ನೂ ಮುಚ್ಚಿಟ್ಟಿದ್ದೆ.

ಆದರೂ ನನ್ನ ಹಟ ಪೂರ್ತಿ ಬಿಡುವುದಿಲ್ಲ. ಆ ದಿನವನ್ನು ಹೇಳೋಣ, ಆದರೆ ಅದೊಂದನ್ನೇ ಅಲ್ಲ. 2011ರ ಸೆಪ್ಟೆಂಬರಿನಲ್ಲಿ ನೇವಿ ತಂಡದ ವಿರುದ್ಧ 246 ಗಜ ಓಡಿದ್ದು ಯಾರ ಬಾಯಲ್ಲೂ ಬರುವುದಿಲ್ಲ. ಆ ಪಂದ್ಯ ಗೆದ್ದದ್ದೇ ಮೂರು ಅಂಕಗಳಿಂದ. 2012ರಲ್ಲಿ ಒಂದು ಮಂಡಿ ಹೊಲಿಸಿಕೊಂಡು ಬಂದು, ಮೊದಲ ಪಂದ್ಯದಲ್ಲೇ ವ್ಯಾಂಡರ್‌ಬಿಲ್ಟ್ ವಿರುದ್ಧ 110 ಗಜ, ಎರಡು ಟಚ್‌ಡೌನ್. ತಂಡ 2011, 2012, 2013 ಮೂರೂ ವರ್ಷ 11 ಪಂದ್ಯ ಗೆದ್ದಿತು, ಅದಕ್ಕೆ ಮುಂಚೆ ಒಮ್ಮೆಯೂ ಅಷ್ಟು ಗೆದ್ದಿರಲಿಲ್ಲ. ಅದರಲ್ಲಿ ಬಹುಪಾಲು ಅವನಿಲ್ಲದೆ ಗೆದ್ದದ್ದು, ಒಪ್ಪುತ್ತೇನೆ. ಆದರೆ ರಾಜ್ಯದ ಒಳ್ಳೆಯ ಹುಡುಗರು ಮನೆ ಹತ್ತಿರದ ಈ ತಂಡಕ್ಕೇ ಬರಬಹುದು ಅನ್ನುವ ಧೈರ್ಯ ಹುಟ್ಟಿದ್ದು ಅವನು ಬಂದ ಮೇಲೆ. ಮರುವರ್ಷವೇ ರಾಕ್ ಹಿಲ್‌ನಿಂದ ಜಡೇವಿಯನ್ ಕ್ಲೌನಿ ಬಂದ. ಟೆನ್ನೆಸೀ ಪಂದ್ಯದ ಕೊನೆಯಲ್ಲಿ ಎದುರಾಳಿಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕೈಯಿಂದ ಚೆಂಡು ಕೆಡವಿ ಗೆಲುವು ಉಳಿಸಿದವನೂ ಆ ಕ್ಲೌನಿಯೇ.

ಆಮೇಲಿನ ಬದುಕನ್ನೂ ಸೇರಿಸಬೇಕು. ಶಾಲಾ ಹುಡುಗರಿಗೆ ಕೋಚ್ ಆದ. 2018ರಲ್ಲಿ ಇದೇ ವಿಶ್ವವಿದ್ಯಾಲಯಕ್ಕೆ ಮರಳಿ ಆಟಗಾರರ ಬೆಳವಣಿಗೆಯ ಹೊಣೆ ಹೊತ್ತ, ಅಂದರೆ ಅಂಗಳದ ಆಚೆಗೆ ಏನು ಮಾಡುತ್ತೀರಿ ಎಂದು ಹುಡುಗರನ್ನು ಕೇಳುವ ಕೆಲಸ. ಆಮೇಲೆ ಅದನ್ನೂ ಬಿಟ್ಟು ದೂರದ ಪೋರ್ಟ್‌ಲ್ಯಾಂಡಿಗೆ ಹೋದ, ಅಲ್ಲಿ ಕವಿತೆ ಬರೆದು ಓದತೊಡಗಿದ. ಇಲ್ಲಿಯ ಕೆಲವರಿಗೆ ಅದು ಬೇಸರ, ನಮ್ಮ ಹುಡುಗ ನಮ್ಮನ್ನು ಬಿಟ್ಟು ಹೋದ ಅಂತ. ನನಗೆ ಹಾಗನ್ನಿಸಲಿಲ್ಲ. ಇಡೀ ಊರೇ ನಿಮ್ಮ ಮಂಡಿಯನ್ನು ನೆನೆದು ಕಣ್ಣೀರಿಡುವಾಗ, ಅಂಗಡಿಗೆ ಹೋದರೂ ಅದೇ ಮಾತು ಕೇಳಬೇಕಾದಾಗ, ಅಲ್ಲಿ ಬದುಕುವುದು ಸುಲಭವೇ?

ಪಡುಗಡಲು

ಜಾರ್ಜಿಯಾದ ನಿಕ್ ಚಬ್‌ನನ್ನೂ ಇಲ್ಲಿ ನೆನೆಯಬೇಕು ಅನ್ನಿಸಿತು. 2015ರಲ್ಲಿ ಟೆನ್ನೆಸೀ ಅಂಗಳದಲ್ಲಿ ಪಂದ್ಯದ ಮೊದಲ ಓಟದಲ್ಲೇ ಎಡ ಮಂಡಿ ಹೋಯಿತು, ಮೂರು ಅಸ್ಥಿರಜ್ಜು. ಮರಳಿ ಬಂದು ಎರಡು ಋತು ಆಡಿದ, ಒಟ್ಟು 4,769 ಗಜ. ಎಸ್‌ಇಸಿಯಲ್ಲಿ ಹರ್ಷಲ್ ವಾಕರ್ ನಂತರ ಅವನೇ. 2023ರಲ್ಲಿ ಎನ್‌ಎಫ್‌ಎಲ್‌ನಲ್ಲಿ ಅದೇ ಎಡ ಮಂಡಿ ಮತ್ತೆ ಹೋಯಿತು. ಅವತ್ತು ಟಿವಿಯವರು ಆ ದೃಶ್ಯವನ್ನು ಮರುಪ್ರಸಾರ ಮಾಡಲಿಲ್ಲ, ನೋಡುವಂತಿಲ್ಲ ಅಂತ ಹೇಳಿ ಬಿಟ್ಟರು. 2012ರಲ್ಲೂ ಹಾಗೆ ಮಾಡಬಹುದಿತ್ತಲ್ಲ ಅಂತ ನನಗೆ ಅನ್ನಿಸಿದ್ದುಂಟು.

ಕೀಲು ಮೂಳೆ

ಮಂಡ್ಯದವರೇ, ಈಗ ಮಂಡಿ ಹೇಗಿದೆ? ಮೆಟ್ಟಿಲು ಇಳಿಯುವಾಗ ನೋವಿದ್ದರೆ ತೊಡೆಯ ಮುಂಭಾಗದ ಸ್ನಾಯುವಿನ ಬಲ ಒಮ್ಮೆ ಪರೀಕ್ಷಿಸಿಕೊಳ್ಳಿ. ಇಷ್ಟು ವರ್ಷ ಆದಮೇಲೂ ಬಲ ತುಂಬಿದರೆ ಉಪಯೋಗವಿದೆ. ಎಡ ತೊಡೆಗೂ ಬಲ ತೊಡೆಗೂ ಸುತ್ತಳತೆಯಲ್ಲಿ ವ್ಯತ್ಯಾಸ ಇದೆಯಾ ನೋಡಿ ಹೇಳಿ.

ತೊಡೆ ತಟ್ಟಿದವ

ನೋವು ಚಳಿಗಾಲದಲ್ಲಿ ಐತೆ ಮೇಡಂ. ಅಳತೆ ನೋಡಿ ಹೇಳ್ತೀನಿ.

ಕಾಂಗರಿ ಅಣ್ಣ, ನಿನ್ನೆ ನಮ್ ಮಗಳ ಜೊತೆ ಆ ಫ್ಲೋರಿಡಾ ಪಂದ್ಯ ಹುಡುಕಿ ನೋಡಿದೆ. ಶುರುವಲ್ಲೇ ಫ್ಲೋರಿಡಾದವನು ಒದ್ದ ಚೆಂಡು ಹಿಡಿದು ಈ ತುದಿಯಿಂದ ಆ ತುದಿಗೆ ಓಡಿಬಿಟ್ಟ, ತಪ್ಪು ವಿಡಿಯೊ ಹಾಕಿದೆ ಅನ್ಕೊಂಡೆ. ಆಮೇಲೆ ನಿಮ್ 21 ಬಂದ. ಅವನನ್ನ ಹಿಡಿದ್ರೂ ಬೀಳೋವಾಗ ಮುಂದಕ್ಕೇ ಬೀಳ್ತಾನೆ, ಗಮನಿಸಿದೀರಾ? ಕಬಡ್ಡೀಲಿ ಹಂಗೇ, ಹಿಡಿದ್ ಮೇಲೂ ಗೆರೆ ಕಡೆಗೆ ಬೀಳೋನೇ ರೈಡರ್. ನನ್ ಮಗಳು ಎಣಿಸ್ತಾ ಕೂತಿದ್ಲು, ಇಪ್ಪತ್ತರ ಹತ್ರ ಲೆಕ್ಕ ತಪ್ತು.

ಒಂದು ಅರ್ಥ ಆಗ್ಲಿಲ್ಲ. ಪ್ರತಿ ಸಲ ಬಿದ್ದ ಮೇಲೆ ನಿಲ್ಲಿಸ್ತಾರೆ, ಆಮೇಲೆ ಇಬ್ರು ಸರಪಳಿ ಹಿಡ್ಕಂಡು ಓಡಿ ಬತ್ತಾರಲ್ಲ, ಅವರು ಏನ್ ಅಳೀತಾರೆ?

ಕಾಂಗರಿ ದಂಡೆ

ಆ ಸರಪಳಿ ಹತ್ತು ಗಜ ಉದ್ದ. ನಾಲ್ಕು ಸಲದೊಳಗೆ ಅಷ್ಟು ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಅವನು ಮುಂದಕ್ಕೇ ಬೀಳುತ್ತಿದ್ದದ್ದು ಅದಕ್ಕೇ, ಅರ್ಧ ಗಜಕ್ಕೂ ಲೆಕ್ಕ ಇರುತ್ತದೆ. ಮಗಳಿಗೆ ಹೇಳಿ, ಅವತ್ತಿನದು ಒಟ್ಟು 40. ಈ ವಾರ ನೇವಿ ಪಂದ್ಯ ನೋಡಿ, ಅದರಲ್ಲಿ 37.